ಕಿವುಡರು ಇನ್ನೂ ತಯಾರಾಗಿಲ್ಲ ಎಂದವರಿಗೆ

ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯದ 1988ರ ಆಡಳಿತ ಮಂಡಳಿಯ ಮಹನೀಯರೇ,

ಕಿವಿ ನೆಟ್ಟಗಿರುವ ಒಬ್ಬ ಅಭಿಮಾನಿಯ ವಂದನೆಗಳು. ಅಭಿನಂದನೆ ತಡವಾಯಿತೆಂದು ಬೇಸರಿಸಬೇಡಿ. 124 ವರ್ಷವನ್ನೇ ತಡವೆಂದು ಎಣಿಸದವರು ನೀವು. 1864ರಲ್ಲಿ ಲಿಂಕನ್ ಸಹಿ ಬಿದ್ದು, ಕಿವುಡರಿಗೆ ಪದವಿ ಕೊಡುವ ಅಧಿಕಾರ ನಿಮ್ಮ ಸಂಸ್ಥೆಗೆ ಸಿಕ್ಕಿತು. ಅಲ್ಲಿಂದಾಚೆಗೆ ಕಿವುಡರು ಅಲ್ಲಿ ಓದಿದರು, ಪದವಿ ಪಡೆದರು, ಪಾಠವನ್ನೂ ಹೇಳಿದರು. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಕೂತವರೆಲ್ಲ ಕಿವಿ ಕೇಳುವವರೇ. ಅವಸರ ಮಾಡಿ ಕೆಲಸ ಕೆಡಿಸುವ ಜಾಯಮಾನ ನಿಮ್ಮದಲ್ಲ.

1988ರಲ್ಲಿ ಆ ಕುರ್ಚಿಯ ಆಯ್ಕೆಯ ಅಂತಿಮ ಸುತ್ತಿಗೆ ಬಂದ ಮೂವರಲ್ಲಿ ಇಬ್ಬರು ಕಿವುಡರು: ಐ. ಕಿಂಗ್ ಜೋರ್ಡನ್ ಮತ್ತು ಹಾರ್ವೆ ಕಾರ್ಸನ್. ಮಾರ್ಚ್ 6ರ ಸಂಜೆ ನೀವು ಮೂರನೆಯವರ ಹೆಸರು ಹೊರಬಿಟ್ಟಿರಿ. ಎಲಿಸಬೆತ್ ಝಿನ್ಸರ್ ಆಡಳಿತದಲ್ಲಿ ಪಳಗಿದವರು. ಸನ್ನೆ ಭಾಷೆಯೊಂದು ಬರುತ್ತಿರಲಿಲ್ಲ, ಅಷ್ಟೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕನ್ನಡ ಬಾರದ ಕುಲಪತಿಯನ್ನು ಕಳಿಸಿ, 'ಬಂದ ಮೇಲೆ ಕಲಿತುಕೊಳ್ತಾರೆ ಬಿಡಿ' ಎನ್ನುವಷ್ಟು ಎದೆಗಾರಿಕೆ ನಮ್ಮ ರಾಜಕಾರಣಿಗಳಿಗೂ ಇನ್ನೂ ಬಂದಿಲ್ಲ.

ಕೇಳುವವರ ಜಗತ್ತಿನಲ್ಲಿ ಕೆಲಸ ಮಾಡಲು ಕಿವುಡರು ಇನ್ನೂ ತಯಾರಾಗಿಲ್ಲ ಎಂದು ನಿಮ್ಮ ಮಂಡಳಿಯ ಅಧ್ಯಕ್ಷೆ ಜೇನ್ ಸ್ಪಿಲ್ಮನ್ ಹೇಳಿದರೆಂದು ಸುದ್ದಿಯಾಯಿತು. ತಾವು ಹಾಗೆ ಹೇಳಲೇ ಇಲ್ಲ, ದುಭಾಷಿಯಿಂದ ಆದ ಎಡವಟ್ಟು ಎಂದರು ಅವರು. ಒಪ್ಪಿಕೊಳ್ಳೋಣ. ಕಿವುಡರ ವಿಶ್ವವಿದ್ಯಾಲಯದ ಮಂಡಳಿಯನ್ನು ನಡೆಸುವವರು ಕಿವುಡರ ಮುಂದೆ ನಿಂತಾಗ ದುಭಾಷಿಯ ಕೈ ಹಿಡಿಯಬೇಕಾದದ್ದು ಏಕೆ ಎಂಬ ತಲೆಹರಟೆ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ತಯಾರಿಯ ಪರೀಕ್ಷೆ ಕಿವುಡರಿಗೆ, ಪರೀಕ್ಷಕರಿಗಲ್ಲ!

ಮರುದಿನ ವ್ಯಾಯಾಮ ಶಾಲೆಯಲ್ಲಿ ನಡೆದದ್ದನ್ನಂತೂ ಎಷ್ಟು ಸಲ ನೆನೆದರೂ ಸಾಲದು. ಸ್ಪಿಲ್ಮನ್ ಮಾತಿಗೆ ನಿಂತಾಗ ಬೆಂಕಿಯ ಎಚ್ಚರಿಕೆ ಗಂಟೆ ಕಿವಿಗಡಚಿಕ್ಕುತ್ತಿತ್ತು. ಈ ಗದ್ದಲದಲ್ಲಿ ಮಾತಾಡುವುದು ಕಷ್ಟ ಎಂದು ಅವರು ಅಲವತ್ತುಕೊಂಡರು. 'ಯಾವ ಗದ್ದಲ?' ಎಂದಿತು ಕಿವುಡ ವಿದ್ಯಾರ್ಥಿಗಳ ಸಭೆ. ಸನ್ನೆ ಮಾಡಿ, ನಮಗೆ ಚೆನ್ನಾಗಿಯೇ ಕೇಳಿಸುತ್ತದೆ ಎಂದಿತು. ಇಡೀ ಸಭಾಂಗಣದಲ್ಲಿ ಅಂಗವೈಕಲ್ಯದಿಂದ ಬಳಲುತ್ತಿದ್ದವರು ವೇದಿಕೆಯ ಮೇಲಿನವರು ಮಾತ್ರ. ಅವರಿಗೆ ರ‍್ಯಾಂಪ್ ಕಟ್ಟಿಸಿಕೊಡುವ ಔದಾರ್ಯ ಆ ಹುಡುಗರಿಗೆ ಯಾಕೋ ಹೊಳೆಯಲಿಲ್ಲ.

ತಯಾರಾಗದವರು ಆ ವಾರ ಏನೇನು ಮಾಡಿದರು ನೋಡಿ. ಬಸ್ಸುಗಳನ್ನು ಗೇಟಿಗೆ ಅಡ್ಡ ತಂದು ನಿಲ್ಲಿಸಿ ಗಾಲಿಯ ಗಾಳಿ ಬಿಟ್ಟರು. ಕ್ಯಾಂಪಸ್ಸಿಗೆ ಬೀಗ ಬಿತ್ತು. ಸಂಸತ್ತಿನವರೆಗೆ ಮೆರವಣಿಗೆ ಹೋದರು. ಝಿನ್ಸರ್ ವಾರ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. 13ರಂದು ಸ್ಪಿಲ್ಮನ್ ಕೂಡ ಇಳಿದರು. ಫಿಲ್ ಬ್ರಾವಿನ್ ಎಂಬ ಕಿವುಡರು ಮಂಡಳಿಯ ಅಧ್ಯಕ್ಷರಾದರು, ಜೋರ್ಡನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಮಂಡಳಿಯಲ್ಲಿ ಶೇ. 51ರಷ್ಟು ಕಿವುಡರಿರಬೇಕೆಂಬ ಬೇಡಿಕೆಗೂ ನೀವು ತಲೆಯಾಡಿಸಬೇಕಾಯಿತು. (ಜೋರ್ಡನ್‌ಗೆ 21ರ ಹರೆಯದವರೆಗೂ ಕಿವಿ ಕೇಳುತ್ತಿತ್ತು, ಮೋಟಾರ್ ಸೈಕಲ್ ಅಪಘಾತದಲ್ಲಿ ಹೋಯಿತು. ನಿಮ್ಮ ಕಣ್ಣಿಗೆ ಬಿದ್ದಿರಬಹುದಾದ ಅವರ ಅರ್ಹತೆ ಅದೊಂದೇ ಇರಬೇಕು.) 18 ವರ್ಷ ಆ ಕುರ್ಚಿಯಲ್ಲಿ ಕೂತರು. ಕಟ್ಟಡ ಬೀಳಲಿಲ್ಲ. ಮೇಲಾಗಿ, 1990ರಲ್ಲಿ ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆ ಬರುವ ಮುನ್ನ ಅದರ ಪರವಾಗಿ ಸಂಸತ್ತಿನ ಮುಂದೆ ಸಾಕ್ಷಿ ಹೇಳಿ ಬಂದರು.

ನಿಮ್ಮ ಎಚ್ಚರಿಕೆಯ ಪರಂಪರೆ ನಮ್ಮಲ್ಲಿ ಸುರಕ್ಷಿತವಾಗಿದೆ, ಚಿಂತಿಸಬೇಡಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟು, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಿಡುತ್ತದೆ. ಆ ನಾಲ್ಕರಲ್ಲಿ ಒಂದು ಕಿವುಡರದು. ಸೀಟು ಅಂದರೆ ಬೆಂಚು. ಕುಲಪತಿಯ ಕುರ್ಚಿ ಬೇರೆ ಮರದ್ದು. ಸಭೆಗಳಲ್ಲಿ ಮಂತ್ರಿಗಳು ಕಿವುಡರ ಪ್ರತಿಭೆಯನ್ನು ಒಂದು ಗಂಟೆ ಹೊಗಳುತ್ತಾರೆ. ಹೊಗಳಿಸಿಕೊಂಡವರಿಗೆ ಅದು ತಿಳಿಯಲೆಂದು ಒಬ್ಬ ದುಭಾಷಿಯನ್ನು ಕರೆಸಿದ್ದರೆ ಅದು ಅವರ ಪುಣ್ಯ.

ಆದರೂ ನಿಮ್ಮದೊಂದು ಎಳಸುತನ ಹೇಳದೆ ಇರಲಾರೆ. ಇಬ್ಬರು ಕಿವುಡರನ್ನು ಅಂತಿಮ ಸುತ್ತಿನವರೆಗೆ ಬಿಟ್ಟುಕೊಂಡದ್ದೇಕೆ? ಪಟ್ಟಿಯಲ್ಲಿ ಹೆಸರು ಕಂಡರೆ ಹುಡುಗರಿಗೆ ಆಸೆ ಹುಟ್ಟುತ್ತದೆ, ಬಸ್ಸಿನ ಗಾಳಿ ಹೋಗುತ್ತದೆ. ಅಂಥ ಹೆಸರು ಮೊದಲ ಸುತ್ತಿಗೇ ಬಾರದಂತೆ ಹಿಂದಿನ ಮೂವತ್ತು ವರ್ಷ ಶಾಲೆಯಲ್ಲೇ ನೋಡಿಕೊಳ್ಳಬೇಕು. ಈ ವಿಷಯದಲ್ಲಿ ನಮ್ಮನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದೆವು.

ಇತಿ ತಮ್ಮ ವಿಧೇಯ,
ಕಿವಿ ಕೇಳುವವನೊಬ್ಬ