ಶುಂಠಿ ರೇಟೂ ಹಳೇ ಜಿಪ್ಸಿಯೂ

ಹಾಸನದ ಕಡೆ ಹಳೇ ಕಾರು ಕೊಳ್ಳುವವನು ಮೊದಲು ವಿಚಾರಿಸಬೇಕಾದ್ದು ಮೈಲೇಜನ್ನಲ್ಲ, ಶುಂಠಿ ರೇಟನ್ನು. ರೇಟು ಏರಿದ ವರ್ಷ ಅರಕಲಗೂಡಿನಲ್ಲಿ ಒಬ್ಬನೂ ಗಾಡಿ ಮಾರುವುದಿಲ್ಲ. ಬಿದ್ದ ವರ್ಷ ಹೊಳೆನರಸೀಪುರದ ಭಾವ ಕೂಡ ‘ನಿಂಗೇ ಅಂತ ಇಟ್ಟಿದ್ದೆ ಕಣೋ’ ಅನ್ನುತ್ತಾನೆ.

ನನ್ನ ಓಟು ಮಾರುತಿ ಜಿಪ್ಸಿಗೆ. 1985ರಲ್ಲಿ ಬಂದದ್ದು, ಸೈನ್ಯದಲ್ಲೂ ದುಡಿದದ್ದು. ಹಿಂದಿನ ಸೀಟಿನಲ್ಲಿ ಕೂತವರು ಬಿಸಿಲೆ ಘಾಟಿ ಇಳಿಯುವಷ್ಟರಲ್ಲಿ ಕುಕ್ಕೆ ಸುಬ್ರಹ್ಮಣ್ಯನಿಗೆ ಹೊಸ ಹರಕೆ ಹೊತ್ತಿರುತ್ತಾರೆ, ನಿಜ. ಆದರೆ ಮಳೆಗಾಲದಲ್ಲಿ ಫೋರ್ ವೀಲ್ ಹಾಕಿ ಸಕಲೇಶಪುರದ ತೋಟದ ಕೆಸರು ಹತ್ತಿಸುವಾಗಿನ ಖುಷಿ ಯಾವ ಎಸಿ ಕಾರಿಗೂ ಇಲ್ಲ. ತೋಟದವರು ಬಿಡುವುದಿಲ್ಲ, ರ‍್ಯಾಲಿ ಹುಡುಗರೂ ಬಿಡುವುದಿಲ್ಲ. ತಯಾರಿಕೆ ನಿಂತರೂ ಬೆಲೆ ಮಾತ್ರ ಘಾಟಿ ಇಳಿಯಲು ಒಪ್ಪುತ್ತಿಲ್ಲ.

ಚನ್ನರಾಯಪಟ್ಟಣದ ಮಾವನದು ಬೇರೆಯೇ ಲೆಕ್ಕ. ‘ಅಳಿಯಂದಿರೇ, ಸ್ವಿಫ್ಟ್ ತಗೊಳ್ಳಿ. ಎಲ್ಲಿ ಕೆಟ್ಟು ನಿಂತ್ರೂ ಮೆಕ್ಯಾನಿಕ್ ಸಿಗ್ತಾನೆ, ಮಾರೋಕೆ ಹೊರಟ್ರೆ ಸಂಜೆಯೊಳಗೆ ಗಿರಾಕಿ.’ ಮಾತು ಸುಳ್ಳಲ್ಲ. ಆದರೆ ಸ್ವಿಫ್ಟ್ ಬಂದರೆ ಬೀದಿಯಲ್ಲಿ ಯಾರು ತಿರುಗಿ ನೋಡುತ್ತಾರೆ?

ಯಾವುದೇ ಇರಲಿ, ಕೆಎ-13 ನಂಬರಿನ ಮೇಲಿನ ಮಮತೆ ಬದಿಗಿಟ್ಟು ಆರ್‌ಸಿ ನೋಡಿ. 15 ವರ್ಷ ತುಂಬಿದ್ದರೆ ಎಫ್‌ಸಿ ಮಾಡಿಸಿ ನವೀಕರಿಸಬೇಕು, ಮತ್ತೆ ಸಿಗುವುದು 5 ವರ್ಷ. ಹೊಸ ಪೇಂಟಿಗೆ ಮರುಳಾಗದೆ ಬಗ್ಗಿ ಚಾಸಿಗೆ ತುಕ್ಕು ಹಿಡಿದಿದೆಯೇ ನೋಡಿ. ಅಷ್ಟರಲ್ಲಿ ಮಾರುವವನು ‘ಒಬ್ಬ ಡಾಕ್ಟರ್ ಓಡಿಸಿದ ಗಾಡಿ ಸಾರ್’ ಅನ್ನುತ್ತಾನೆ. ನಮ್ಮ ಜಿಲ್ಲೆಯ ಹಳೇ ಕಾರುಗಳನ್ನೆಲ್ಲ ಓಡಿಸಿದ ಈ ಡಾಕ್ಟರು ರೋಗಿಗಳನ್ನು ಯಾವಾಗ ನೋಡುತ್ತಿದ್ದರೋ!