‘ನಾ ಏನೂ ಮಾಡಂಗಿಲ್ರಿ, ಎಲ್ಲಾ ಡಾಕ್ಟರ್ ಮಾಡಸ್ತಾರ’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಂದಿ ಸೊಲ್ಲಾಪುರಕ್ಕೋ ಕಲಬುರಗಿಗೋ ದವಾಖಾನೆಗೆ ಹೊರಡುವ ಮೊದಲು ಈಗ ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ರೋಬೋಟಿಕ್ ಸರ್ಜರಿ ಬಗ್ಗೆ ಓದಿದವರ ಪ್ರಶ್ನೆಗಳನ್ನು ಒಯ್ದು ರೋಬೋಟಿನ ಮೂರನೇ ತೋಳನ್ನೇ ಕೇಳಿದೆವು. ಉಳಿದ ಮೂರು ಪ್ಲಾಸ್ಟಿಕ್ ಹೊದ್ದುಕೊಂಡು ಡ್ಯೂಟಿಗೆ ನಿಂತಿದ್ದವು.

ನಮಸ್ಕಾರ್ರಿ. ನಮ್ಮ ಕಡೆ ಮಾತು ಹೆಂಗ ಬಂತು?

ನಿಮ್ಮ ಮಂದಿ ಹೊಟ್ಟಿಯೊಳಗ ಇಷ್ಟು ಕೈಯಾಡಿಸೀನಿ, ಮಾತು ಹತ್ತಲಾರ್ದ ಇರ್ತದೇನ್ರಿ?

ಸಿಂದಗಿ ಕಾಕಾ ಒಬ್ಬರು ಕೇಳ್ಯಾರ: ಮಷಿನ್ ಚಾಲೂ ಮಾಡಿ ಡಾಕ್ಟರ್ ಚಾ ಕುಡಿಯಾಕ ಹೋಗ್ತಾರಂತ, ಖರೇನ?

ಛೇ ಛೇ! ಡಾಕ್ಟರ್ ಅಲ್ಲೇ ನಾಕು ಹೆಜ್ಜಿ ದೂರ ಒಂದು ಪೆಟ್ಟಿಗಿಯೊಳಗ ಮುಖ ಇಟ್ಟು ಕುಂತಿರ್ತಾರ. ಕೆಲವರು ಬೂಟ್ ಬಿಚ್ಚಿ ಬರೇ ಸಾಕ್ಸ್ ಮ್ಯಾಲ ಪೆಡಲ್ ಒತ್ತತಾರ. ಅವರು ಬೆರಳು ತಿರುವಿದಂಗ ನಾ ತಿರುಗೂದು. ನನ್ನ ಬಾಜೂಕ ಇನ್ನೊಬ್ಬರು ನಿಂತು ಚಿಮಟಾ, ಕತ್ರಿ ಬದಲಿ ಮಾಡ್ತಾರ. ಆದ್ರ ಜಾಹೀರಾತಿನ ಫೋಟೋದಾಗ ಇವರ್ಯಾರೂ ಇರಂಗಿಲ್ಲ. ನೀಲಿ ಬೆಳಕು, ನಡಬರಕ ನಾವ್ ನಾಕು ತೋಳು. ಪೇಷಂಟ್ ಸುದ್ದಾ ಇಲ್ಲ!

ಹಂಗಾರ ಮೊಬೈಲಿನಾಗ ಬರದದ್ದೆಲ್ಲಾ ಸುಳ್ಳೇನ್ರಿ?

ಸುಳ್ಳಲ್ಲ, ಅರ್ಧಾ. ಕಡಿಮಿ ರಕ್ತ, ಸಣ್ಣ ಗಾಯ, ಲಗೂನ ಮನಿ ಅಂತಾರ. ಹೊಟ್ಟಿ ಕೊಯ್ದು ಮಾಡೂ ಆಪರೇಷನ್‌ಗಿಂತ ಹೌದು. ಆದ್ರ ದುರ್ಬೀನ್ ಆಪರೇಷನ್ನಿನ ಗಾಯನೂ ಸಣ್ಣದ ಅಲ್ರಿ? ಇಂಡಿಯ ಲಿಂಬಿ ತೋಟದವರೊಬ್ಬರು ಪಿತ್ತದ ಚೀಲದಾಗ ಹಳ್ಳು ಅದಾವ ಅಂತ ನನ್ನ ಹುಡುಕ್ಕೊಂಡು ಬಂದಿದ್ರು. ಆ ಕೆಲಸ ದುರ್ಬೀನಿನವ ಆರಾಮ ಮುಗಸ್ತಾನ.

ಅಪಾಯದ ಸುದ್ದಿ?

ಅಮೆರಿಕಾದ 400 ದವಾಖಾನಿ ವೆಬ್‌ಸೈಟ್ ನೋಡಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2011ರಾಗ ಬರದ್ರು: ನನ್ನ ಬಗ್ಗೆ ಬರದವ್ರಾಗ ಒಬ್ಬರೂ ಅಪಾಯದ ಮಾತು ಎತ್ತಿಲ್ಲ. ಸುಮಾರು ಮುಕ್ಕಾಲು ಪಾಲು ಕಡೆ ಫೋಟೋ ಇಲ್ಲಾಂದ್ರ ಮಾತು ನನ್ನ ಮಾಡಿದ ಕಂಪನಿಯೇ ಕೊಟ್ಟದ್ದು. ವರನ ಬಯೋಡಾಟಾ ವರನ ಅಪ್ಪ ಬರದಂಗ.

ಬಾಗೇವಾಡಿ ಅಕ್ಕ ಒಬ್ಬರಿಗೆ ಗರ್ಭಚೀಲದ ಬಾಯಿ ಕ್ಯಾನ್ಸರ್, ಇನ್ನೂ ಸುರುವಿನಾಗ ಐತಿ. ರೋಬೋಟ್ ಚಲೋ ಅಂತ ಓದ್ಯಾರ.

ಅಕ್ಕಾರ್ನ ತಡೀರಿ ಮೊದಲ. 2018ರಾಗ ದೊಡ್ಡ ಅಧ್ಯಯನ ಬಂತು. ದುರ್ಬೀನ್ ಇರ್ಲಿ, ನಾ ಇರ್ಲಿ, ಸಣ್ಣ ತೂತಿನಾಗ ಈ ಕ್ಯಾನ್ಸರಿನ ಆಪರೇಷನ್ ಮಾಡಿಸ್ಕೊಂಡವರಾಗ ರೋಗ ತಿರುಗಿ ಬಂದದ್ದೂ ಹೆಚ್ಚು, ಸತ್ತವರೂ ಹೆಚ್ಚು. ನಾಕೂವರಿ ವರ್ಷಕ್ಕ ರೋಗ ಇಲ್ಲದ ಉಳದವರು ಹೊಟ್ಟಿ ಕೊಯ್ಸಿಕೊಂಡವರಾಗ ನೂರಕ್ಕ 96.5, ಸಣ್ಣ ತೂತಿನವರಾಗ 86. ಮುಂದಿನ ಫೆಬ್ರುವರಿಗೆ ಅಮೆರಿಕಾದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕಿ ಕೊಡ್ತು. ‘ಸಣ್ಣ ಗಾಯ’ದ ಜಾಹೀರಾತಿನಾಗ ಇದು ಎಲ್ಲ್ಯಾದ್ರೂ ಕಂಡ್ರ ಹೇಳ್ರಿ, ನನ್ನ ಬೆರಳು ಕಿತ್ತು ಕೊಡ್ತೀನಿ.

ಬೆರಳು ಅಷ್ಟು ಅಗ್ಗಾ?

ಅಗ್ಗಲ್ಲ, ಆಯುಷ್ಯ ಕಡಿಮಿ. ಆ ಚಿಮಟಾ, ಕತ್ರಿನ ನನ್ನ ಬೆರಳು. ಒಳಗ ಚಿಪ್ ಕುಂತು ಲೆಕ್ಕ ಇಡ್ತದ. ಇಂತಿಷ್ಟು ಆಪರೇಷನ್ ಆತಂದ್ರ ಬೆರಳು ಗಟ್ಟಿ ಇದ್ರೂ ಕಸಕ್ಕ. ಆ ಖರ್ಚು ನಿಮ್ಮ ಬಿಲ್ಲಿಗೆ.

ಇನ್ಶೂರೆನ್ಸ್ ಐತಿ ಅಂತ ಮುದ್ದೇಬಿಹಾಳದವರು ಧೈರ್ಯಾ ಮಾಡ್ಯಾರ.

ರೋಬೋಟಿಕ್ ಸರ್ಜರಿನ ಪಾಲಿಸಿಯಿಂದ ಹೊರಗಿಡಬ್ಯಾಡ್ರಿ ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಾಗ ಹೇಳ್ತು. ಬೇಕಾದ್ರ ಮಿತಿ ಹಾಕ್ಕೋರಿ ಅಂತನೂ ಹೇಳ್ತು. ‘ಐತಿ’ ಅನ್ನೂದು ಬ್ಯಾನರ್ ಮ್ಯಾಲ ಇರ್ತದ, ಮಿತಿ ಪಾಲಿಸಿ ಕಾಗದದ ಹಿಂದಿನ ಪುಟದಾಗ.

ಹಂಗಾರ ಏನು ಕೇಳಬೇಕ್ರಿ?

ನನ್ನ ಜಾತಕ ಬ್ಯಾಡ. ಪೆಟ್ಟಿಗಿಯೊಳಗ ಮುಖ ಇಡಾವರು ಯಾರು, ಇದ ಆಪರೇಷನ್ ಎಷ್ಟು ಮಾಡ್ಯಾರ, ನಡಬರಕ ಹೊಟ್ಟಿ ಕೊಯ್ಯೂ ಪಾಳಿ ಎಷ್ಟು ಸಲ ಬಂದೈತಿ, ಮಾಡಿಸ್ಲಿಲ್ಲಂದ್ರ ಏನಾಗ್ತದ. ಇಷ್ಟು ಕೇಳ್ರಿ. ತಡೀರಿ, ಡಾಕ್ಟರ್ ಬಂದ್ರು. ಅವರು ಬೆರಳು ಎತ್ತೂಕಿಂತ ಮೊದಲ ನನ್ನ ಬಾಯಿ ಎದ್ದದ್ದು ಗೊತ್ತಾದ್ರ ಸಂಜೀಕ ಜಾಹೀರಾತು ಬರ್ತದ: ‘ಮಾತಾಡುವ ರೋಬೋಟ್, ಈಗ ನಿಮ್ಮೂರಿಗೆ ಹತ್ತಿರ’!