ಯಜಮಾನ ಯಾರ್ರೀ?

ಸಿಂಥಸೈಜರ್, ರಿದಮ್ ಮಷೀನು ಒಂದರ ಮಾತು ಒಂದಕ್ಕೆ ತಿಳಿಯಲೆಂದು 1983ರಲ್ಲಿ ಮಿಡಿ (MIDI) ಎಂಬ ಸಂಕೇತಭಾಷೆ ಬಂತು. ರೆಕಾರ್ಡಿಂಗಿನಲ್ಲಿ ಒಂದು ಯಂತ್ರ ಯಜಮಾನ. ಅದು ಬೀಟಿಗೆ 24 ಮಿಡಿತ ಕಳಿಸುತ್ತದೆ, ಉಳಿದವು ಎಣಿಸಿಕೊಂಡು ಹೆಜ್ಜೆ ಹಾಕಬೇಕು. ಗೆಳೆಯನ ಲ್ಯಾಪ್‌ಟಾಪೂ ತಾನೇ ಯಜಮಾನ ಎಂದಿತೋ, ಹಾಡು ಕೆಟ್ಟಿತು. ಎರಡನ್ನೂ ಹಿಂಬಾಲಕರನ್ನಾಗಿಸಿದರೆ ಪಂಕ್ತಿಗೆ ಕೂತ ಬೀಗರಂತೆ ‘ಮೊದ್ಲ ನೀವ ಸುರು ಮಾಡ್ರಿ’ ಎಂದು ತೆಪ್ಪಗಿರುತ್ತವೆ.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದವರಿಗೆ ಈ ಮಿಡಿ ಕೇಬಲ್ಲಿನ ಉಸಾಬರಿಯೇ ಇಲ್ಲ. ಭಾಗವತರು ಶುರು ಮಾಡಿದರೆ ಹಾರ್ಮೋನಿಯಂ, ತಬಲಾ ತಾವಾಗಿ ಕೂಡಿಕೊಳ್ಳುತ್ತವೆ. ಸೆಟ್ಟಿಂಗ್ಸ್ ಎಂಬುದು ಅವರ ಕಣ್ಸನ್ನೆಯಲ್ಲೇ ಇದೆ!

ಇತ್ತ ನಾವು ಯಂತ್ರಗಳನ್ನು ಇಷ್ಟೆಲ್ಲ ಹೊಂದಿಸಿ ರೆಕಾರ್ಡಿಂಗಿಗೆ ಕೂತರೂ ನಮ್ಮ ರಬಕವಿಯ ಪವರ್‌ಲೂಮಿನ ಸದ್ದು ಯಾವ ಮಿಡಿಗೂ ಬಗ್ಗುವುದಿಲ್ಲ. ಅದಕ್ಕೇ ಹೇಳುವುದು: ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಂಡು, ಕರೆಂಟು ಹೋದಾಗಲೇ ಹಾಡಿ ಮುಗಿಸಿರಿ.